ಒಂದು ದಿನವೂ ಬಿಡದ ಉಪವಾಸ

ಜಾವಾದ ಉತ್ತರ ಕರಾವಳಿಯ ಆ ಊರಿನಲ್ಲಿ ಮದುವೆ ಗೊತ್ತಾಯಿತೆಂದರೆ ಮೊದಲು ಬರುವುದು ಬಟ್ಟೆಯ ತುಂಡು. ಹೆಣ್ಣಿನ ಮನೆಯವರು ಒಂದೇ ಬಣ್ಣದ ಬಟ್ಟೆ ತಂದು ಮನೆತನದ ಹೆಂಗಸರಿಗೆಲ್ಲ ಹಂಚುತ್ತಾರೆ. ಮದುವೆಯ ದಿನ ಎಲ್ಲರೂ ಅದರಲ್ಲೇ ಹೊಲಿಸಿದ ಕೆಬಾಯ ತೊಟ್ಟು ಬರಬೇಕು. ಕೆಬಾಯ ಅಂದರೆ ಉದ್ದ ತೋಳಿನ, ಮೈಗೆ ಅಂಟಿ ಕೂರುವ ರವಿಕೆ. ಅಂಟಿ ಕೂತರೇ ಅದಕ್ಕೆ ಅಂದ. ಎಲ್ಲಿಯಾದರೂ ಉಬ್ಬಿದರೆ, ಬಿಗಿದರೆ, ಅದೇ ಮಾತು ವರ್ಷಗಟ್ಟಲೆ ನಡೆಯುತ್ತದೆ.

ಮಳೆಗಾಲದ ಮೊದಲಿಗೆ ದರ್ಜಿ ಕಸಿಯೆಮ್‌ಳ ಪಡಸಾಲೆಯಲ್ಲಿ ಅಳತೆ ಶುರುವಾಯಿತು. ಮದುವೆ ಇದ್ದದ್ದು ರಂಜಾನ್ ಕಳೆದ ಮೇಲೆ. ಆದರೆ ಹೊಲಿಯುವವಳು ಒಬ್ಬಳು, ಹೊಲಿಸುವವರು ಊರು ತುಂಬ. ಹಾಗಾಗಿ ತಿಂಗಳುಗಳ ಮೊದಲೇ ಅಳತೆ.

ಕಸಿಯೆಮ್‌ಗೆ ಒಂದು ಅಭ್ಯಾಸ. ಟೇಪು ಸುತ್ತಿದ ಕೂಡಲೇ ಅಳತೆಯನ್ನು ಗಟ್ಟಿಯಾಗಿ ಕೂಗುತ್ತಾಳೆ, ಆಮೇಲೆ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಬರೆಯುತ್ತಾಳೆ. ಕೂಗಿದ್ದು ಬೀದಿಯವರೆಗೂ ಕೇಳುತ್ತದೆ.

ವರ್ಸಿತಿಯ ಚಿಕ್ಕ ಮಗಳು ವೆನಿಂಗ್ ಮುಂದೆ ಬಂದು ನಿಂತಳು. ಹದಿನಾಲ್ಕರ ಹುಡುಗಿ. ದುಂಡು ಕೆನ್ನೆ, ಗಟ್ಟಿ ತೋಳು, ಸದಾ ಏನಾದರೂ ಮೆಲ್ಲುವ ಬಾಯಿ. ಕಸಿಯೆಮ್ ಸೊಂಟಕ್ಕೆ ಟೇಪು ಸುತ್ತಿ ಕೂಗಿದಳು.

"ಅಯ್ಯೋ, ಟೇಪು ಸಾಕಾಯ್ತೇನೇ ಕಸಿಯೆಮ್?" ಅಂದಳು ಮುರ್ತಿನಿ. ಮುರ್ತಿನಿ ವರ್ಸಿತಿಯ ಗಂಡನ ಅಕ್ಕ. ಮದುವೆ ಇದ್ದದ್ದು ಅವಳ ಮಗಳದ್ದೇ. "ಇದು ಸೊಂಟವೋ ಅಕ್ಕಿ ಮೂಟೆಯೋ? ನಮ್ಮ ಫೋಟೋದಲ್ಲಿ ಇವಳನ್ನ ಕೊನೇಲಿ ನಿಲ್ಲಿಸ್ಬೇಕು. ಇಲ್ದಿದ್ರೆ ಮದುಮಗಳೇ ಕಾಣಲ್ಲ!"

ಪಡಸಾಲೆ ತುಂಬ ನಗು. ವೆನಿಂಗ್ ಅಮ್ಮನ ಮುಖ ನೋಡಿದಳು. ಅಮ್ಮನೂ ನಗುತ್ತಿದ್ದಳು. ಗಂಡನ ಅಕ್ಕ ತಮಾಷೆ ಮಾಡುವಾಗ ನಗದೆ ಕೂರುವುದು ಹೇಗೆ?

"ಎರಡು ಬೆರಳು ಕಮ್ಮಿ ಇಟ್ಟು ಹೊಲಿ," ಅಂದಳು ವರ್ಸಿತಿ ದರ್ಜಿಗೆ. "ಬಟ್ಟೆ ಬಿಗಿಯಾಗಿದ್ರೆ ಮೈ ತಾನಾಗೇ ಇಳಿಯುತ್ತೆ. ದೊಡ್ಡವಳಿಗೂ ಹಾಗೇ ಮಾಡಿಸಿದ್ದೆ. ಈಗ ನೋಡು ಅವಳನ್ನ."

ಎಲ್ಲರೂ ಮೂಲೆಯಲ್ಲಿ ಕೂತಿದ್ದ ತಿನುಕ್‌ಳನ್ನು ನೋಡಿದರು. ಅವಳೇ ವರ್ಸಿತಿಯ ದೊಡ್ಡ ಮಗಳು. ವಯಸ್ಸು ಮೂವತ್ತು ದಾಟಿದ್ದರೂ ಹುಡುಗಿಯ ಹಾಗೆ ಸಣಕಲು. ತನ್ನ ಮದುವೆಯ ಕೆಬಾಯ ಇವತ್ತಿಗೂ ಅವಳಿಗೆ ಆಗುತ್ತದೆ ಎಂದು ಊರೇ ಹೊಗಳುತ್ತಿತ್ತು. ಅವಳಿಗೆ ಮಕ್ಕಳಾಗಿರಲಿಲ್ಲ. ಆ ಮಾತು ಬಂದಾಗ ಮಾತ್ರ ಊರು ದನಿ ತಗ್ಗಿಸುತ್ತಿತ್ತು. ಎರಡನ್ನೂ ಸೇರಿಸಿ ಯಾರೂ ಯೋಚಿಸಿರಲಿಲ್ಲ.

ಅಂದಿನಿಂದ ವೆನಿಂಗ್ ಸೋಮವಾರ ಗುರುವಾರ ಉಪವಾಸ ಹಿಡಿದಳು. ಆ ಊರಿನ ಭಕ್ತರು ಎಷ್ಟೋ ಮಂದಿ ಹಾಗೆ ವಾರಕ್ಕೆರಡು ದಿನ ಹಿಡಿಯುತ್ತಾರೆ. ಬೆಳಗಿನ ಜಾವ ಉಂಡು, ಹಗಲೆಲ್ಲ ಬಾಯಿ ಕಟ್ಟಿ, ಸೂರ್ಯ ಮುಳುಗಿದ ಮೇಲೆ ಹೊಟ್ಟೆ ತುಂಬ ಉಣ್ಣುತ್ತಾರೆ. ವೆನಿಂಗ್ ಬಾಯಿ ಕಟ್ಟುತ್ತಿದ್ದಳು, ಉಣ್ಣುತ್ತಿರಲಿಲ್ಲ. ಸಂಜೆ ಖರ್ಜೂರ ಒಂದನ್ನು ಬಾಯಿಗೆ ಹಾಕಿಕೊಂಡು, "ನಮಾಜಿಗೆ ಹೊತ್ತಾಯ್ತು" ಎಂದು ಎದ್ದುಬಿಡುತ್ತಿದ್ದಳು. ಸೋಯಾಕಾಳಿನ ತೆಂಪೆ ಕರಿದರೂ ಇಲ್ಲ, ಶೇಂಗಾ ಗೊಜ್ಜು ಮಾಡಿದರೂ ಇಲ್ಲ. ಮಂಗಳವಾರ ಕೇಳಿದರೆ ನಿನ್ನೆಯದೇ ಹೊಟ್ಟೆ ಭಾರ ಅನ್ನುತ್ತಿದ್ದಳು. ಬುಧವಾರ ಕೇಳಿದರೆ ನಾಳೆ ಉಪವಾಸವಲ್ಲವೇ, ಹೊಟ್ಟೆ ಹಗುರ ಇರಲಿ ಅನ್ನುತ್ತಿದ್ದಳು.

ವರ್ಸಿತಿಗೆ ಹೆಮ್ಮೆಯೋ ಹೆಮ್ಮೆ. ಮಗಳಿಗೆ ಭಕ್ತಿ ಬಂತು, ಜೊತೆಗೆ ಮೈಯೂ ಇಳಿಯಿತು. ಬಾವಿಕಟ್ಟೆಯಲ್ಲಿ ಸಿಕ್ಕವರೆಲ್ಲ, "ಏನೇ ಹುಡುಗಿ, ಎಷ್ಟು ಸಣ್ಣಗಾಗಿದ್ದೀಯ, ಚೆನ್ನಾಗಿ ಕಾಣ್ತೀಯ!" ಅನ್ನುತ್ತಿದ್ದರು. ಹುಡುಗಿಯ ಮುಖ ಅರಳುತ್ತಿತ್ತು. ಹೊಗಳಿಕೆಯೇ ಅವಳಿಗೆ ಊಟವಾಯಿತು.

ಒಮ್ಮೆ ತಿನುಕ್ ತೌರಿಗೆ ಬಂದವಳು ತಂಗಿಯ ಬಾಚಣಿಗೆಯಲ್ಲಿ ಸುತ್ತಿಕೊಂಡಿದ್ದ ಕೂದಲಿನ ಉಂಡೆಯನ್ನು ಕಂಡಳು.

"ಅಮ್ಮಾ, ಇವಳಿಗೆ ಎದುರಿಗೆ ಕೂತು ಉಣ್ಣಿಸು," ಅಂದಳು.

"ನಿನ್ನ ಹಾಗೇ ಆಗ್ತಿದ್ದಾಳೆ ಬಿಡೇ," ಅಂದಳು ವರ್ಸಿತಿ ನಗುತ್ತ.

ತಿನುಕ್ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಬಾಗಿಲಲ್ಲಿ ಕೂಗಿದರು. ಮಾತು ಅಲ್ಲಿಗೇ ನಿಂತಿತು.

ರಂಜಾನ್ ಬಂತು, ಹೋಯಿತು. ಹಬ್ಬದ ದಿನ ವರ್ಸಿತಿ ಬೀದಿಯ ಹೆಂಗಸರೆದುರು ಹೇಳಿಕೊಂಡಳು: "ನಮ್ಮ ವೆನಿಂಗ್ ತಿಂಗಳಿಡೀ ಹಿಡಿದಳು ಕಣ್ರೇ. ಒಂದು ದಿನ ಬಿಡ್ಲಿಲ್ಲ." ಎಲ್ಲರೂ ಭೇಷ್ ಅಂದರು.

ಹಬ್ಬ ಕಳೆದ ಮೇಲೆ ತಿನುಕ್ ಬಿದ್ದಳು. ಬಿದ್ದದ್ದು ಮರದಿಂದಲ್ಲ, ಮೆಟ್ಟಿಲಿಂದಲೂ ಅಲ್ಲ. ಅವಳು ಬಾಟಿಕ್ ಕೊಟ್ಟಿಗೆಯಲ್ಲಿ ಬಟ್ಟೆಯ ಮೇಲೆ ಕಾದ ಮೇಣದಿಂದ ಚಿತ್ತಾರ ಬರೆಯುವವಳು. ಬಣ್ಣದ ತೊಟ್ಟಿಯಿಂದ ತೆಗೆದ ಬಟ್ಟೆಯನ್ನು ತೊಳೆಯಲು ಒಯ್ಯುವಾಗ ಒದ್ದೆ ಅಂಗಳದಲ್ಲಿ ಕಾಲು ಜಾರಿ ಪಕ್ಕಕ್ಕೆ ಕುಸಿದಳು. ಜೊತೆಯವರು ನಕ್ಕರು. ಅಂಥ ಅಂಗಳದಲ್ಲಿ ದಿನಾ ಒಬ್ಬರಾದರೂ ಜಾರುತ್ತಾರೆ, ಹಿಂದೆ ಒರೆಸಿಕೊಂಡು ಏಳುತ್ತಾರೆ. ತಿನುಕ್ ಏಳಲಿಲ್ಲ. ಅವಳು ಕಿರುಚಿದ್ದು ಕೇಳಿ ನಗು ನಿಂತಿತು.

ಪಟ್ಟಣದ ಆಸ್ಪತ್ರೆಯಲ್ಲಿ ತೊಡೆಯ ಸಂದಿನ ಎಲುಬಿಗೆ ಕಬ್ಬಿಣ ಹಾಕಿದರು. ಎಲುಬಿನ ಚಿತ್ರ ನೋಡಿದ ಡಾಕ್ಟರು ವಯಸ್ಸನ್ನು ಎರಡು ಸಲ ಕೇಳಿದರಂತೆ. "ಇದು ಮುದುಕಿಯ ಎಲುಬು," ಅಂದರಂತೆ.

ತಿನುಕ್‌ಳನ್ನು ತೌರಿಗೆ ತಂದು ಮಂಚದ ಮೇಲೆ ಮಲಗಿಸಿದರು. ಊರಿನ ಆರೋಗ್ಯ ಕೇಂದ್ರದ ನರ್ಸಮ್ಮ ಪುರ್ವಂತಿ ಗಾಯ ನೋಡಲು ಬಂದಳು. ವರ್ಸಿತಿಗೂ ಅವಳಿಗೂ ಹಳೆಯ ಸ್ನೇಹ. ವೆನಿಂಗ್ ಹುಟ್ಟಿದ್ದು ಅವಳ ಕೈಯಲ್ಲೇ. ಪಟ್ಟಿ ಬದಲಿಸುತ್ತ ಅವಳು ತಿನುಕ್‌ಳನ್ನು ಕೇಳಿದಳು:

"ಹುಡುಗಿಯಾಗಿದ್ದಾಗ ಮುಟ್ಟು ಸರಿಯಾಗಿ ಆಗ್ತಿತ್ತಾ ಮಗಳೇ?"

"ಹದಿನೈದಕ್ಕೆ ನಿಂತುಹೋಯ್ತು, ನರ್ಸಮ್ಮ. ಆಮೇಲೆ ಯಾವಾಗಲೋ ಒಂದು ಸಲ."

"ಮುರಿದದ್ದು ಸೊಂಟ, ಮುಟ್ಟಿನ ಮಾತ್ಯಾಕೆ ಈಗ?" ವರ್ಸಿತಿಗೆ ಸಿಡುಕು ಬಂತು. "ನಿಂತಿದ್ದು ಒಳ್ಳೇದೇ ಆಯ್ತು ಅಂದ್ಕೊಂಡಿದ್ದೆ. ಹೊಟ್ಟೆನೋವಿಲ್ಲ, ಬಟ್ಟೆ ಒಗೆಯೋ ಗೋಳಿಲ್ಲ."

"ಒಳ್ಳೇದಲ್ಲ ಅಕ್ಕಾ. ಮೈಗೆ ಅನ್ನ ಸಾಲದಾದಾಗ ಮೈ ಮೊದಲು ನಿಲ್ಲಿಸೋದು ಅದನ್ನೇ. ಇರೋದ್ರಲ್ಲಿ ಪ್ರಾಣ ಉಳಿಸ್ಕೋಬೇಕಲ್ಲ? ಮುಟ್ಟು ನಿಲ್ತು ಅಂದ್ರೆ ಎಲುಬಿಗೆ ಸತ್ವ ಹೋಗೋದೂ ನಿಲ್ತು ಅಂತ."

"ಎಲುಬಿಗೂ ಅದಕ್ಕೂ ಏನು ಸಂಬಂಧ?"

ಪುರ್ವಂತಿ ಮಂಚದ ತುದಿಯಲ್ಲಿ ಕೂತಳು. "ಎಲುಬು ತುಂಬಿಕೊಳ್ಳೋದು ಹುಡುಗಾಟದ ವಯಸ್ಸಲ್ಲಿ. ಹತ್ತರಿಂದ ಇಪ್ಪತ್ತರ ಒಳಗೆ ಹೆಚ್ಚೂಕಮ್ಮಿ ಎಲ್ಲಾ ತುಂಬ್ಕೋಬೇಕು. ಆಮೇಲೆ ಸಾಯೋವರೆಗೂ ಅದನ್ನೇ ಖರ್ಚು ಮಾಡೋದು. ಆ ವಯಸ್ಸಲ್ಲಿ ಹಸಿದವಳ ಎಲುಬು ಪೊಳ್ಳಾಗೇ ಉಳಿಯುತ್ತೆ. ಹೊರಗಿಂದ ಕಾಣಲ್ಲ. ಹೊರಗಿಂದ ಚೆಂದ ಕಾಣ್ತಾಳೆ."

"ಸಣ್ಣಗಿರಿ, ಸಣ್ಣಗಿರಿ ಅಂತ ನೀವೇ ಹೇಳ್ತೀರಿ!" ವರ್ಸಿತಿ ಬಿಡಲಿಲ್ಲ. "ದಪ್ಪ ಆದ್ರೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಅಂತ ಗೋಡೆ ಮೇಲೆಲ್ಲಾ ನೀವೇ ಬರೆಸಿದ್ದೀರಿ. ಈಗ ಸಣ್ಣಗಿದ್ರೂ ತಪ್ಪಾ?"

"ಸಣ್ಣಗಿರೋದು ತಪ್ಪಲ್ಲ. ನಾಚಿಕೆಯಿಂದ ಹಸಿಯೋದು ತಪ್ಪು. ಕೇಳು ಅಕ್ಕಾ, ಬೆಳೆಯೋ ಮಗುವಿಗೆ ನಿನ್ನ ಮೈ ಚೆನ್ನಾಗಿಲ್ಲ ಅಂತ ದಿನಾ ಹೇಳಿದ್ರೆ, ಕೆಲವರು ಊಟ ಬಿಡ್ತಾರೆ. ಕೆಲವರು ಎದುರಿಗೆ ಬಿಟ್ಟು ಕದ್ದು ತಿಂದು ಇನ್ನೂ ಊದ್ಕೋತಾರೆ. ಆ ಸಕ್ಕರೆ ಕಾಯಿಲೆ ಬರೋದೂ ಎಷ್ಟೋ ಸಲ ಹಾಗೇ. ಇನ್ನು ಕೆಲವರು ಮನಸ್ಸಿಗೆ ಹಚ್ಕೊಂಡು ಒಳಗೊಳಗೇ ಕೊರಗ್ತಾರೆ. ಬೈಸ್ಕೊಂಡಿದ್ರಿಂದ ಆರೋಗ್ಯ ಬಂದವರನ್ನ ನಾನು ಇನ್ನೂ ಕಂಡಿಲ್ಲ."

"ನಮ್ಮನೇಲಿ ಯಾರೂ ಬೈದಿಲ್ಲಪ್ಪ. ತಮಾಷೆಗೆ ಅಂತಾರೆ." ವರ್ಸಿತಿ ತಲೆ ಕೊಡವಿದಳು. "ನಮ್ಮ ಚಿಕ್ಕವಳನ್ನೇ ನೋಡು. ಅವಳದು ಹಸಿವಲ್ಲ, ಭಕ್ತಿ. ರಂಜಾನ್ ತಿಂಗಳಿಡೀ ಹಿಡಿದಳು. ಒಂದು ದಿನವೂ ಬಿಡ್ಲಿಲ್ಲ."

ಪುರ್ವಂತಿ ಪಟ್ಟಿ ಸುತ್ತುವುದನ್ನು ನಿಲ್ಲಿಸಿದಳು.

"ಒಂದು ದಿನವೂ?"

"ಒಂದು ದಿನವೂ."

"ತಿಂಗಳಿಡೀ? ಹದಿನಾಲ್ಕರ ಹುಡುಗಿ?"

ವರ್ಸಿತಿಗೆ ಆಗ ಹೊಳೆಯಿತು. ಮುಟ್ಟಾದ ಹೆಂಗಸು ಆ ದಿನಗಳಲ್ಲಿ ಉಪವಾಸ ಹಿಡಿಯುವ ಹಾಗಿಲ್ಲ. ಬಿಟ್ಟ ದಿನಗಳನ್ನು ಹಬ್ಬ ಕಳೆದ ಮೇಲೆ ತೀರಿಸಬೇಕು. ಇದನ್ನು ಆ ಊರಿನಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ವರ್ಸಿತಿಯೇ ಪ್ರತಿ ವರ್ಷ ತೀರಿಸುತ್ತಿದ್ದಳು. ಬೀದಿಯ ಹೆಂಗಸರೂ ತೀರಿಸುತ್ತಿದ್ದರು. ಆದರೂ ಹಬ್ಬದ ದಿನ ಭೇಷ್ ಅಂದವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ.

ಮಂಚದ ಮೇಲಿಂದ ತಿನುಕ್ ಹೇಳಿದಳು. ದನಿ ಏರಿಸಲಿಲ್ಲ.

"ನಾನೂ ಹಾಗೇ ಹಿಡಿದಿದ್ದೆ ಅಮ್ಮಾ. ಮೂರು ರಂಜಾನ್. ನೀನು ಊರಿಗೆಲ್ಲಾ ಹೇಳ್ಕೊಂಡು ಬಂದೆ."

ವರ್ಸಿತಿ ಒಳಕೋಣೆಯ ಕಡೆ ತಿರುಗಿದಳು.

"ಮಕ್ಕಳಾಗ್ಲಿಲ್ಲ ಅಂತ ಎಲ್ಲೆಲ್ಲಿಗೆ ಕರ್ಕೊಂಡು ಹೋದೆ. ಬೇರು ಕುಡಿಸಿದೆ, ಹೊಟ್ಟೆ ತಿಕ್ಕಿಸಿದೆ. ಒಂದು ತುತ್ತು ಜಾಸ್ತಿ ಉಣ್ಣು ಅಂತ ಮಾತ್ರ ಯಾರೂ ಅನ್ಲಿಲ್ಲ. ಉಂಡ್ರೆ ಆ ಕೆಬಾಯ ಹಿಡಿಯಲ್ಲ ಅನ್ನೋ ಭಯ ನನಗೆ ಮದುವೆಯಾದ್ಮೇಲೂ ಹೋಗ್ಲಿಲ್ಲ. ಇವತ್ತಿಗೂ ಹೋಗಿಲ್ಲ. ಇವಳನ್ನಾದ್ರೂ ನೋಡ್ಕೋ."

ಒಳಕೋಣೆಯ ಬಾಗಿಲು ಮುಚ್ಚಿತ್ತು. ವರ್ಸಿತಿ ತಳ್ಳಿಕೊಂಡು ಹೋದಳು. ಕಸಿಯೆಮ್ ಅವತ್ತೇ ಕೊಟ್ಟು ಕಳಿಸಿದ್ದ ಹೊಸ ಕೆಬಾಯ ತೊಟ್ಟು ವೆನಿಂಗ್ ಕನ್ನಡಿ ಮುಂದೆ ನಿಂತಿದ್ದಳು. ಎರಡು ಬೆರಳು ಕಮ್ಮಿ ಇಟ್ಟು ಹೊಲಿದದ್ದು. ಅದೂ ಈಗ ಅವಳ ಮೈಮೇಲೆ ಸಡಿಲವಾಗಿ ನೇತಾಡುತ್ತಿತ್ತು. ಕತ್ತಿನ ಕೆಳಗಿನ ಎಲುಬು ಎರಡು ಕೋಲಿನ ಹಾಗೆ ಎದ್ದು ಕಂಡಿತು. ಹೊಗಳುವವರ ಕಣ್ಣಿನಿಂದ ನೋಡುತ್ತಿದ್ದ ತಾಯಿ ಅದನ್ನು ಇಷ್ಟು ದಿನ ಕಂಡೇ ಇರಲಿಲ್ಲ.

"ಎಷ್ಟು ದಿನ ಆಯ್ತೇ ನೀನು ಮುಟ್ಟಾಗಿ?"

ವೆನಿಂಗ್ ಕನ್ನಡಿಯಲ್ಲೇ ಅಮ್ಮನನ್ನು ನೋಡಿದಳು. "ಮಳೆ ನಿಂತಾಗಿಂದ ಇಲ್ಲ."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಉಣ್ಣು ಅಂತಿದ್ದೆ."

"ಬಾ, ಈಗ ಉಣ್ಣು ಬಾ."

"ಇನ್ನೂ ಮದುವೆ ಆಗಿಲ್ವಲ್ಲ. ಹೊಟ್ಟೆ ಇನ್ನೂ ಇದೆ ನೋಡು." ಹುಡುಗಿ ಚರ್ಮವೇ ಉಳಿದಿದ್ದ ಹೊಟ್ಟೆಯನ್ನು ಚಿವುಟಿ ತೋರಿಸಿದಳು. "ಅತ್ತೆ ಮೂಟೆ ಅಂದಾಗ ನೀನೂ ನಕ್ಕೆ ಅಮ್ಮಾ. ಎಲ್ಲರ ನಗೂಗಿಂತ ನಿಂದೇ ಗಟ್ಟಿಯಾಗಿ ಕೇಳಿಸ್ತು."

ತಟ್ಟೆ ತಂದಿಟ್ಟರು. ವೆನಿಂಗ್ ಮುಟ್ಟಲಿಲ್ಲ. ವರ್ಸಿತಿ ಬೇಡಿಕೊಂಡಳು, ಬೈದಳು, ಕೈ ಹಿಡಿದು ತುರುಕಲು ಹೋದಳು. ಹುಡುಗಿ ಎದ್ದು ಹೊಸ್ತಿಲು ದಾಟುವಷ್ಟರಲ್ಲಿ ಕಣ್ಣುಕತ್ತಲೆ ಬಂದು ಬಿದ್ದಳು.

ಪುರ್ವಂತಿ ನಾಡಿ ಹಿಡಿದು ನೋಡಿದಳು. ಅವಳ ಮುಖ ಗಡುಸಾಯಿತು. "ಎದೆ ಬಡಿತ ತೀರಾ ನಿಧಾನ. ಮನೆ ಮದ್ದಿಗೆ ಆಗೋ ಕೆಲಸ ಅಲ್ಲ ಇದು. ಒಮ್ಮೆಲೇ ಹೊಟ್ಟೆಗೆ ತುರುಕಿದ್ರೂ ಅಪಾಯ. ಗಾಡಿ ತರಿಸಿ, ದೊಡ್ಡಾಸ್ಪತ್ರೆಗೆ."

ಒಬ್ಬ ಮಗಳು ಮಂಚದ ಮೇಲೆ, ಇನ್ನೊಬ್ಬಳು ಗಾಡಿಯಲ್ಲಿ. ಮೀನು ದೋಣಿಯಲ್ಲಿ ಕಡಲಿಗೆ ಹೋಗಿದ್ದ ವರ್ಸಿತಿಯ ಗಂಡ ಸಾಗಿಮಾನ್ ಹಿಂತಿರುಗಿದಾಗ ಮನೆ ಆ ಸ್ಥಿತಿಯಲ್ಲಿತ್ತು. "ಉಪವಾಸ ಹಿಡಿದು ಯಾರಾದ್ರೂ ಸಾಯ್ತಾರಾ?" ಅಂದ ಅವನು. ಅವನ ಅಕ್ಕ ಮುರ್ತಿನಿಯೂ ಅದನ್ನೇ ಅಂದಳು.

"ಕಾಯಿಲೆಯವರಿಗೆ ಉಪವಾಸ ಬೇಡ ಅಂತ ದೇವರೇ ರಿಯಾಯಿತಿ ಕೊಟ್ಟಿದ್ದಾನೆ," ಅಂದಳು ಪುರ್ವಂತಿ. "ಇದು ದೇವರಿಗೆ ಹಿಡಿದ ಉಪವಾಸ ಅಲ್ಲ ಅಣ್ಣಾ. ಫೋಟೋಗೆ ಹಿಡಿದದ್ದು."

ಸಾಗಿಮಾನ್ ಆಸ್ಪತ್ರೆಯಲ್ಲಿ ಮಗಳ ತೋಳನ್ನು ಮುಟ್ಟಿ ನೋಡಿ ಹೊರಗೆ ಬಂದು ಗೋಡೆಗೊರಗಿ ಕೂತ. ಮತ್ತೆ ಆ ಮಾತು ಆಡಲಿಲ್ಲ.

ವೆನಿಂಗ್ ಬದುಕಿದಳು. ಆಸ್ಪತ್ರೆಯವರು ಚಮಚ ಚಮಚವಾಗಿ ಉಣ್ಣಿಸಲು ಶುರುಮಾಡಿದರು. ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಒಬ್ಬರು ದಿನಾ ಬಂದು ಕೂರುತ್ತಿದ್ದರು. ಮನೆಗೆ ಕಳಿಸುವಾಗ ಅವರು ವರ್ಸಿತಿಗೆ, "ಇದು ಹಟ ಅಲ್ಲಮ್ಮ, ಕಾಯಿಲೆ. ಬೈದ್ರೆ ಹೋಗಲ್ಲ. ಜೊತೆಗೆ ಕೂತು ಉಣ್ಣಿ. ಮೈ ಮಾತು ಎತ್ತಬೇಡಿ," ಅಂದರು.

ಮದುವೆ ಹತ್ತಿರ ಬಂತು. ಎರಡು ತುತ್ತು ಹೆಚ್ಚಿಗೆ ಸೇರಿದ ದಿನವೆಲ್ಲ ವೆನಿಂಗ್ ಎದ್ದು ಹೋಗಿ ಕೆಬಾಯ ಬಿಗಿಯಾಯಿತೇ ಎಂದು ತೊಟ್ಟು ನೋಡಿ ಬರುತ್ತಿದ್ದಳು. ವರ್ಸಿತಿ ಅದನ್ನು ಎತ್ತಿಕೊಂಡು ಕಸಿಯೆಮ್‌ಳ ಮನೆಗೆ ಹೋದಳು.

"ಇದನ್ನ ಬಿಚ್ಚಿ ದೊಡ್ಡದು ಮಾಡು."

"ಒಳಗೆ ಬಟ್ಟೆ ಬಿಟ್ಟಿದ್ರೆ ತಾನೇ? ನೀನೇ ಅಲ್ವಾ ಕಮ್ಮಿ ಇಡು ಅಂದದ್ದು. ಅಂಗಡೀಲೂ ಆ ಬಟ್ಟೆ ಮುಗಿದಿದೆ." ಕಸಿಯೆಮ್ ಹೊಲಿಗೆಯನ್ನು ತಿರುವಿ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಈ ಊರಲ್ಲಿ ಇಂಥವು ಎಷ್ಟು ಹೊಲಿದಿದ್ದೀನೋ," ಅಂದಳು.

ವರ್ಸಿತಿ ಆ ಕೆಬಾಯವನ್ನು ಮನೆಗೆ ಮರಳಿ ತರಲಿಲ್ಲ. ಒರೆಸುವ ಬಟ್ಟೆ ಮಾಡಿಕೋ ಎಂದು ಅಲ್ಲೇ ಕೊಟ್ಟು ಬಂದಳು.

ಮದುವೆಯ ದಿನ ಮನೆತನದ ಹೆಂಗಸರೆಲ್ಲ ಒಂದೇ ಬಣ್ಣದಲ್ಲಿ ಸಾಲಾಗಿ ನಿಂತಿದ್ದರು. ವರ್ಸಿತಿ, ವೆನಿಂಗ್ ಇಬ್ಬರೂ ಮನೆಯಲ್ಲಿ ತೊಡುವ ಸಡಿಲ ಅಂಗಿಯಲ್ಲಿ ಬಂದರು. ಹಿಂದೆ ತಿನುಕ್‌ಳನ್ನು ಕುರ್ಚಿ ಸಮೇತ ಅವಳ ಗಂಡ, ಅಪ್ಪ ಎತ್ತಿಕೊಂಡು ಬಂದರು.

"ಇದೇನು ವೇಷ ವರ್ಸಿತಿ?" ಮುರ್ತಿನಿ ಓಡಿ ಬಂದಳು. "ನನ್ನ ಮಗಳ ಮದುವೇಲಿ ಮುಯ್ಯಿ ತೀರಿಸ್ತಿದ್ದೀಯಾ? ಕೊಟ್ಟ ಬಟ್ಟೆ ಎಲ್ಲಿ? ಫೋಟೋ ಕೆಟ್ಟುಹೋಯ್ತಲ್ಲೇ!"

"ಕೆಡಲಿ ಅತ್ತಿಗೆ."

"ಏನಂದೆ?"

ವರ್ಸಿತಿ ಆವರೆಗೆ ಗಂಡನ ಅಕ್ಕನಿಗೆ ಎದುರಾಡಿದವಳಲ್ಲ. "ಫೋಟೋ ಕೆಡಲಿ ಅಂದೆ. ಈ ಮನೆತನದ ಫೋಟೋ ಚೆಂದ ಬರ್ಲಿ ಅಂತ ನನ್ನ ದೊಡ್ಡ ಮಗಳ ಎಲುಬು ಕೊಟ್ಟಿದ್ದೀನಿ. ಅವಳ ಮಡಿಲು ಕೊಟ್ಟಿದ್ದೀನಿ. ಇನ್ನೊಬ್ಬಳನ್ನ ಕೊಡಲ್ಲ. ನಮ್ಮನ್ನ ಕೊನೇಲಿ ನಿಲ್ಸಿ, ಇಲ್ಲಾ ಬಿಟ್ಟೇಬಿಡಿ. ಆದ್ರೆ ನನ್ನ ಮಕ್ಕಳ ಮೈ ಬಗ್ಗೆ ಇನ್ನೊಂದು ಮಾತು ನಿಮ್ಮ ಬಾಯಿಂದ ಬೇಡ. ನನ್ನ ಬಾಯಿಂದಲೂ ಬೇಡ."

ಮುರ್ತಿನಿಗೆ ಉತ್ತರ ಸಿದ್ಧವಿತ್ತು. ಆದರೆ ಅವಳ ಕಣ್ಣು ಕುರ್ಚಿಯ ಕಡೆ ಹೋಯಿತು. ತಾನೇ ಊರೆಲ್ಲ ಹೊಗಳಿದ್ದ ಆ ಸಣ್ಣ ಸೊಂಟದ ಕೆಳಗೆ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ವಾರೆಯಾಗಿ ಇಳಿಬಿದ್ದಿತ್ತು. ಅವಳು ವೆನಿಂಗ್‌ಳನ್ನು ನೋಡಿದಳು. ಆಮೇಲೆ ಸಾಲಿನಲ್ಲಿ ಬಿಗಿದ ಕೆಬಾಯದಲ್ಲಿ ಉಸಿರು ಹಿಡಿದು ನಿಂತಿದ್ದ ತನ್ನ ಮಗಳನ್ನು, ಮದುಮಗಳನ್ನು ನೋಡಿದಳು. ಬೆಳಗಿನಿಂದ ಮಗಳು ಏನೂ ತಿಂದಿರಲಿಲ್ಲ. ಅದು ತಾಯಿಗೆ ಗೊತ್ತಿತ್ತು. ತಾನೇ ಬೇಡ ಅಂದಿದ್ದಳು.

"ಯಾರಾದ್ರೂ ಅವಳಿಗೆ ಮೊದಲು ಒಂದು ತಟ್ಟೆ ಅನ್ನ ಕೊಡಿ," ಅಂದಳು ಮುರ್ತಿನಿ. ಇಷ್ಟೇ ಅಂದದ್ದು. ಒಂದು ಹುಕ್ಕು ಬಿಚ್ಚಿಸಿ, ಮಗಳ ಪಕ್ಕದಲ್ಲಿ ತಾನೂ ಕೂತಳು.

ಇದು ನಡೆದು ಒಂದು ವರ್ಷವಾಯಿತು. ತಿನುಕ್ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾಳೆ. ಮೇಣದ ಒಲೆಯ ಮುಂದೆ ಗಿಡ್ಡ ಮಣೆಯ ಮೇಲೆ ಕೂರಲು ಅವಳಿಗೆ ಇನ್ನು ಆಗುವುದಿಲ್ಲ. ಮಾತ್ರೆ ನುಂಗುತ್ತಾಳೆ. ಇದ್ದದ್ದನ್ನು ಉಳಿಸಬಹುದು, ಹೋದ ಕಾಲದಲ್ಲಿ ತುಂಬಬೇಕಾಗಿದ್ದನ್ನು ತುಂಬಲಾಗದು ಎಂದು ಡಾಕ್ಟರು ಹೇಳಿದ್ದಾರೆ. ವೆನಿಂಗ್‌ಗೆ ಇನ್ನೂ ಕಾಲವಿದೆ. ಉಣ್ಣುತ್ತಾಳೆ. ಕೆಲವು ದಿನ ತಟ್ಟೆ ತಳ್ಳಿ ಅಳುತ್ತಾಳೆ. ಆಗ ವರ್ಸಿತಿ ತಾನೂ ಉಣ್ಣದೆ, ಬೈಯದೆ, ಅನ್ನ ಆರಿದರೂ ಸುಮ್ಮನೆ ಪಕ್ಕದಲ್ಲಿ ಕೂತಿರುತ್ತಾಳೆ. ಮುಟ್ಟು ಮತ್ತೆ ಶುರುವಾದದ್ದು ಹೋದ ತಿಂಗಳು. ಅವತ್ತು ತಾಯಿ ಮಗಳು ಇಬ್ಬರೂ ಅತ್ತರು.

ಓದುತ್ತಿರುವ ತಾಯಂದಿರೇ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ನಿಮ್ಮ ಊರಲ್ಲಿ ಕೆಬಾಯ ಇಲ್ಲದಿರಬಹುದು. ರವಿಕೆ ಇದೆ, ಲಂಗವಿದೆ, ಮದುವೆಯ ಫೋಟೋ ಇದೆ. "ಏನೇ ಇಷ್ಟು ಊದಿದ್ದೀಯ" ಎಂದು ಬಾಗಿಲಲ್ಲೇ ಕೇಳುವ ನೆಂಟರಿದ್ದಾರೆ. ಒಪ್ಪತ್ತು ಮಾಡುವ ಹುಡುಗಿಯರೂ ಇದ್ದಾರೆ. ನಿಮ್ಮ ಮಗಳು ತಟ್ಟೆ ಬಿಟ್ಟು ಏಳುತ್ತಿದ್ದರೆ, ಕೂದಲು ಉದುರುತ್ತಿದ್ದರೆ, ಮೂರು ತಿಂಗಳು ಮುಟ್ಟಾಗದಿದ್ದರೆ, ಒಳ್ಳೆಯದಾಯಿತು ಎಂದುಕೊಳ್ಳಬೇಡಿ. ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಂಡು ಮಕ್ಕಳನ್ನೂ ನೋಡಿ. ಕಡ್ಡಿ ಎಂದು ಹಂಗಿಸಿಕೊಂಡವನು ತೋಳು ದಪ್ಪ ಮಾಡಲು ಯಾವ ಪುಡಿ ನುಂಗುತ್ತಿದ್ದಾನೋ ಕೇಳಿ. ಮಗು ನಿಜಕ್ಕೂ ತೂಕ ಇಳಿಸಬೇಕೋ ಬೇಡವೋ ಎಂಬುದನ್ನು ಡಾಕ್ಟರು ಹೇಳಲಿ, ನೆಂಟರಲ್ಲ.

ಬಟ್ಟೆಯನ್ನು ಮೈಗೆ ತಕ್ಕ ಹಾಗೆ ಹೊಲಿಸಿ. ಯಾರಾದರೂ ನಿಮ್ಮ ಮಗುವಿನ ಮೈ ನೋಡಿ ನಕ್ಕಾಗ ಅದು ಮೊದಲು ನೋಡುವುದು ನಿಮ್ಮ ಮುಖವನ್ನು. ಆಗ ನಗಬೇಡಿ. ಇವತ್ತು ಸಂಜೆ ಅದರ ಜೊತೆ ಕೂತು ಉಣ್ಣಿ.